ಬೋರ್ ನೀರಿನ ಮನೆ: ಮೊದಲು ಅಳೆಯಿರಿ, ಆಮೇಲೆ ಮೆಷಿನ್ ತನ್ನಿ

ನಮ್ಮ ಗೀಸರ್ ಮೂರನೇ ಸಲ ಕೆಟ್ಟಾಗ ಪ್ಲಂಬರ್ ಹುಡುಗ ಕಾಯಿಲ್ ಬಿಚ್ಚಿ ಹಳೇ ಪೇಪರ್ ಮೇಲೆ ಇಟ್ಟ. ಅದು ಕಾಯಿಲ್ ಥರ ಕಾಣುತ್ತಲೇ ಇರಲಿಲ್ಲ. ಸುರುಳಿಯ ಸಂದೆಲ್ಲ ಮುಚ್ಚಿಹೋಗಿ, ಮಾಸಲು ಬಿಳಿ ಬಣ್ಣದ ಗೆಣಸಿನ ಹಾಗಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಒಂದು ಏಟು ಕೊಟ್ಟ. ಚಕ್ಕೆ ಚಕ್ಕೆಯಾಗಿ ಉದುರಿತು. "ನೋಡಿ ಅಕ್ಕ, ಒಂದೂವರೆ ವರ್ಷಕ್ಕೆ ಇಷ್ಟು ಕೂತಿದೆ" ಅಂದ.

ನಾನು ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ 27 ವರ್ಷ ಅಸಿಸ್ಟೆಂಟ್ ಆಗಿದ್ದವಳು. ಆ ಚಕ್ಕೆಯಲ್ಲಿ ಒಂದನ್ನು ಸ್ಟೀಲ್ ತಟ್ಟೆಗೆ ಹಾಕಿ ಎರಡು ಚಮಚ ವಿನೆಗರ್ ಸುರಿದೆ. ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು, ಸೋಡಾ ಬಾಟಲಿ ಬಿಚ್ಚಿದ ಹಾಗೆ. ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಯಾವ ವಸ್ತುವೋ ಇದೂ ಅದೇ. ಪ್ರತಿ ವರ್ಷ ಮಕ್ಕಳಿಗೆ ಗಡಸು ನೀರಿನ ಪ್ರಯೋಗಕ್ಕೆ ಬ್ಯುರೆಟ್ ತುಂಬಿಸಿ ಕೊಟ್ಟವಳು, ನನ್ನ ಮನೆಯ ನೀರನ್ನು ಒಂದು ದಿನವೂ ಅಳೆದಿರಲಿಲ್ಲ. ಮಾರನೇ ದಿನ ಬಾಟಲಿಯಲ್ಲಿ ನೀರು ತುಂಬಿಕೊಂಡು ಕಾಲೇಜಿಗೆ ಹೋದೆ.

ನಮ್ಮ ಮನೆ ಬೆಂಗಳೂರಿನ ತಲಘಟ್ಟಪುರದ ಹತ್ತಿರ, 30-40 ಸೈಟು. ಹದಿನಾಲ್ಕು ವರ್ಷ ಬೋರ್ ನೀರು, ಬೋರ್ ಕೈಕೊಟ್ಟಾಗ ಟ್ಯಾಂಕರ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾದ ಮೇಲೆ ನಮ್ಮ ಬೀದಿಗೂ ಕಾವೇರಿ ಬಂತು, ಆದರೆ ದಿನಾ ಬರುವುದಿಲ್ಲ. ಅಂದರೆ ಮೂರು ಥರದ ನೀರು ನೋಡಿದ್ದೇನೆ. ನಿಮ್ಮ ಮನೆಯಲ್ಲೂ ನಲ್ಲಿ ಸುತ್ತ ಬಿಳಿ ಕಲೆ, ಬಕೆಟ್ ತಳದಲ್ಲಿ ಒರಟು ಪದರ, ಎಷ್ಟು ಉಜ್ಜಿದರೂ ನೊರೆ ಬಾರದ ಸೋಪು ಇದ್ದರೆ ಈ ಬರಹ ನಿಮಗಾಗಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯ ಅಷ್ಟೂ ನೀರನ್ನು ಸರಿಮಾಡಲು ಹೋಗಬೇಡಿ. ಯಾವ ಕೆಲಸಕ್ಕೆ ಯಾವ ನೀರು ಅಂತ ಬೇರೆ ಮಾಡಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಉಪ್ಪು ನೀರು, ಸಿಹಿ ನೀರು

ನಮ್ಮ ಕಡೆ ಬೋರ್ ನೀರಿಗೆ ಉಪ್ಪು ನೀರು, ಕಾವೇರಿಗೆ ಸಿಹಿ ನೀರು ಅನ್ನುತ್ತಾರೆ. ಬೋರ್ ನೀರಿನ ತೊಂದರೆಗೆ ಅಡುಗೆ ಉಪ್ಪು ಕಾರಣ ಅಲ್ಲ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರಣ, ಇವು ಹೆಚ್ಚಿರುವ ನೀರೇ ಗಡಸು ನೀರು. ಬೆಂಗಳೂರು ಕೂತಿರುವುದು ಬಂಡೆಯ ಮೇಲೆ. ಲಾಲ್‌ಬಾಗ್‌ನ ಗುಡ್ಡ ಹತ್ತಿದ್ದೀರಲ್ವಾ? ಅದೇ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ನಮ್ಮ ಕಾಲಡಿಗೂ ಅದೇ ಜಾತಿಯ ಕಲ್ಲು ಹಾಸಿದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಕಲ್ಲನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಸಾವಿರ ಅಡಿ ಕೊರೆದಾಗ ಮೇಲೆ ಬರುವುದು ಆ ನೀರು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರುತ್ತದೆ, ಆದರೆ ಅದು ಹೊಳೆಯ ನೀರು. ಕಲ್ಲಿನ ಜೊತೆ ಅಷ್ಟು ಹೊತ್ತು ಕೂತಿರುವುದಿಲ್ಲ.

ಅಳೆಯುವುದು ಹೇಗೆ

ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಪೆನ್ನಿನಂಥ ಟಿಡಿಎಸ್ ಮೀಟರ್ ನೀರಿಗೆ ಅದ್ದಿ, "900 ಬಂತು, ತುಂಬಾ ಗಡಸು" ಅಂತಾರೆ. ಟಿಡಿಎಸ್ ಅಂದರೆ ಕರಗಿರುವ ಎಲ್ಲಾ ಲವಣಗಳ ಅಂದಾಜು. ಅದರಲ್ಲಿ ಗಡಸುತನ ಎಷ್ಟು ಅಂತ ಆ ಮೀಟರ್ ಹೇಳುವುದಿಲ್ಲ. ಒಂದೇ ಟಿಡಿಎಸ್ ಇರುವ ಎರಡು ಬೋರ್‌ಗಳಲ್ಲಿ ಒಂದು ನೀರು ಗೀಸರ್ ಹಾಳುಮಾಡಬಹುದು, ಇನ್ನೊಂದು ಸುಮ್ಮನೆ ಇರಬಹುದು. ಸಾಫ್ಟನರ್, ಅಂದರೆ ನೀರು ಮೆದು ಮಾಡುವ ಮೆಷಿನ್, ಮಾರಲು ಬರುವವರು ಟಿಡಿಎಸ್ ಮೀಟರ್ ಮಾತ್ರ ತೋರಿಸಿದರೆ ಗಡಸುತನದ ಟೆಸ್ಟ್ ಮಾಡಿ ಅಂತ ಕೇಳಿ.

ದುಡ್ಡಿಲ್ಲದೆ ಒಂದು ಅಂದಾಜು ಬೇಕಾದರೆ ಸೋಪಿನ ಪರೀಕ್ಷೆ ಸಾಕು. ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಒಂದಕ್ಕೆ ಮಳೆ ನೀರು ಅಥವಾ ಆರ್‌ಒ ನೀರು, ಇನ್ನೊಂದಕ್ಕೆ ಕಾವೇರಿ, ಮತ್ತೊಂದಕ್ಕೆ ಬೋರ್, ಅರ್ಧ ಅರ್ಧ ತುಂಬಿಸಿ. ಬಟ್ಟೆ ಸೋಪಿನ ಬಾರ್ ತುರಿದು ಬಿಸಿನೀರಿನಲ್ಲಿ ಕರಗಿಸಿ, ಮೂರಕ್ಕೂ ಐದೈದು ಹನಿ ಹಾಕಿ ಕುಲುಕಿ. ಹಳೇ ಥರದ ಸೋಪೇ ಆಗಬೇಕು, ಡಿಟರ್ಜೆಂಟ್ ಬಾರ್ ಬೇಡ. ಮೊದಲನೆಯದರಲ್ಲಿ ತಕ್ಷಣ ನೊರೆ ನಿಲ್ಲುತ್ತದೆ. ಬೋರ್ ನೀರು ಹಾಲಿನ ಹಾಗೆ ಕದಡಿ, ಮೇಲೆ ಕೆನೆಯಂಥ ಚೂರು ತೇಲುತ್ತದೆ. ನೊರೆ ನಿಲ್ಲುವ ತನಕ ಹನಿ ಹಾಕುತ್ತಾ ಎಣಿಸಿ. ಎಷ್ಟು ಪಟ್ಟು ಸೋಪು ದಂಡವಾಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಸರಿಯಾದ ಸಂಖ್ಯೆ ಬೇಕೆಂದರೆ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಜಿಎಚ್ ಟೆಸ್ಟ್ ಕಿಟ್ ಅಂತ ಕೇಳಿ. 5 ಮಿಲಿ ನೀರಿಗೆ ಹನಿ ಹನಿಯಾಗಿ ಹಾಕಿ, ಬಣ್ಣ ಪೂರ್ತಿ ಬದಲಾಗುವ ತನಕ ಎಣಿಸಿ, ಬಂದ ಹನಿಗಳನ್ನು 18ರಿಂದ ಗುಣಿಸಿ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಗಡಸುತನ ಅಂತ ಗೊತ್ತಾಗುತ್ತದೆ. ನೀರು ತುಂಬಾ ಗಡಸಾಗಿದ್ದರೆ ಅರ್ಧ ಆರ್‌ಒ ನೀರು ಬೆರೆಸಿ ಪರೀಕ್ಷಿಸಿ, ಉತ್ತರವನ್ನು ಎರಡರಿಂದ ಗುಣಿಸಿ. ಕಿಟ್ ಬೇಗ ಖಾಲಿಯಾಗುವುದಿಲ್ಲ.

ನಾನು ಮಾಡಿದ್ದು ಲ್ಯಾಬಿನ ದಾರಿ. ಕೋನಿಕಲ್ ಫ್ಲಾಸ್ಕಿಗೆ 50 ಮಿಲಿ ಬೋರ್ ನೀರು, ಸ್ವಲ್ಪ ಬಫರ್, ಚಿಟಿಕೆ ಇಂಡಿಕೇಟರ್. ನೀರು ದ್ರಾಕ್ಷಿ ರಸದ ಕೆಂಪಾಯಿತು. ಬ್ಯುರೆಟ್‌ನಿಂದ, ಅಂದರೆ ಅಳತೆ ಗೆರೆ ಇರುವ ಗಾಜಿನ ಕೊಳವೆಯಿಂದ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಬಿಡುತ್ತಾ ಹೋದೆ. 10 ಮಿಲಿ ಆಯಿತು, 20 ಆಯಿತು, ಬಣ್ಣ ಅಲ್ಲಾಡಲಿಲ್ಲ. 30 ದಾಟಿದ ಮೇಲೆ ನೇರಳೆ ಕಂಡಿತು. ಸರಿಯಾಗಿ 31ಕ್ಕೆ, ಒಂದೇ ಹನಿಗೆ, ಫ್ಲಾಸ್ಕ್ ಪೂರ್ತಿ ತಿಳಿ ನೀಲಿಯಾಯಿತು. ಆ ದ್ರಾವಣದ ಲೆಕ್ಕದಲ್ಲಿ 20ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತದೆ. 620. ಈಗ ಬರುವ ಕಾವೇರಿ ನೀರಿಗೆ 6 ಮಿಲಿ ಸಾಕಾಯಿತು, ಅಂದರೆ 120.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. ಅದರ ಪ್ರಕಾರ ಗಡಸುತನ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಟಿಡಿಎಸ್‌ಗೆ ಅದೇ ರೀತಿ 500 ಮತ್ತು 2000.

ಬೋರ್ ಇರುವವರು ಒಂದು ಸಲವಾದರೂ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ನೀರು ಕೊಡಿ. ಗಡಸುತನದ ಜೊತೆ ಅಲ್ಕಲಿನಿಟಿ (ಕ್ಷಾರೀಯತೆ), ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕೂಡ ಕೇಳಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬೇಕು. ಮನೆಯ ಬಾಟಲಿ ಎಷ್ಟು ತೊಳೆದರೂ ಆಗುವುದಿಲ್ಲ. ಅಲ್ಕಲಿನಿಟಿ ಯಾಕೆ ಅಂದರೆ, ಕುದಿಸಿದಾಗ ಎಷ್ಟು ಸುಣ್ಣ ಕೂರುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ನಮ್ಮದು 380 ಬಂತು. ಅಂದರೆ 620ರಲ್ಲಿ 380ರಷ್ಟು ಬಿಸಿ ಮಾಡಿದಾಗ ಕಲ್ಲಾಗಿ ಕೂರುವಂಥದ್ದು. ಉಳಿದ 240 ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಕುಡಿದರೆ ಏನಾಗುತ್ತದೆ?

ಪಕ್ಕದ ಮನೆಯವರು ದಿನಾ ಕೇಳುವ ಪ್ರಶ್ನೆ ಇದು: "ಈ ನೀರಿಂದ ಕಿಡ್ನಿಯಲ್ಲಿ ಕಲ್ಲಾಗಲ್ವಾ?" ಗೀಸರ್‌ನ ಕಲ್ಲು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಗಡಸು ನೀರು ಕುಡಿದರೆ ಕಿಡ್ನಿ ಕಲ್ಲು ಬರುತ್ತದೆ ಅಂತ ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಮಿತಿ ಇಟ್ಟಿಲ್ಲ. ಈಗಾಗಲೇ ಕಲ್ಲಿನ ತೊಂದರೆ ಇರುವವರು ಡಾಕ್ಟರ್ ಹೇಳಿದ ಹಾಗೆ ಮಾಡಿ.

ನನಗೆ ಭಯ ಇರುವುದು ನೈಟ್ರೇಟ್ ಬಗ್ಗೆ. ಒಳಚರಂಡಿ, ಪಿಟ್‌ಗಳ ಹತ್ತಿರದ ಬೋರ್‌ಗಳಲ್ಲಿ ಅದು ಸೇರಿಕೊಳ್ಳುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಇನ್ನೂ ದಟ್ಟವಾಗುತ್ತದೆ. ಕೂಸಿಗೆ ಬಾಟಲಿ ಹಾಲು ಕಲಸುವ ಮನೆಯಲ್ಲಿ ಪರೀಕ್ಷೆ ಮಾಡದ ಬೋರ್ ನೀರು ದಯವಿಟ್ಟು ಬಳಸಬೇಡಿ.

ನೀರನ್ನು ಬೇರೆ ಮಾಡುವುದು

ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಕಾವೇರಿ ಪೈಪೂ ಬೋರ್ ಪೈಪೂ ಒಂದೇ ಸಂಪಿಗೆ ಬೀಳುತ್ತವೆ. 100 ಕಿಲೋಮೀಟರ್ ದೂರದಿಂದ ಬಂದ ಮೆದು ನೀರು ಅಲ್ಲಿ ಗಡಸಾಗುತ್ತದೆ. ಆಮೇಲೆ ಅದನ್ನೇ ಮೆದು ಮಾಡಲು ನಾವು ದುಡ್ಡು ಕೊಡುತ್ತೇವೆ. ಇದನ್ನು ಮೊದಲು ನಿಲ್ಲಿಸಿ.

ನಾವು ಮಾಡಿದ್ದು ಹೀಗೆ. ಕಾವೇರಿ ಪೈಪನ್ನು ಸಂಪಿನಿಂದ ಬಿಡಿಸಿ ಕಾಂಪೌಂಡ್ ಒಳಗಿನ 500 ಲೀಟರ್ ಸಿಂಟೆಕ್ಸ್‌ಗೆ ಕೊಟ್ಟೆವು. ಅಲ್ಲಿಂದ ಅರ್ಧ ಎಚ್‌ಪಿ ಮೋಟಾರು ಅಡುಗೆಮನೆಯ ಟ್ಯಾಂಕಿಗೆ ಏರಿಸುತ್ತದೆ. ಸಂಪಿನಲ್ಲಿ ಬೋರ್, ಟ್ಯಾಂಕರ್ ನೀರು ಮಾತ್ರ. ಅದು ಮೇಲೆ ಹೋಗುವಾಗ ಎರಡು ದಾರಿ. ಒಂದು ಸಾಫ್ಟನರ್ ಮೂಲಕ ಸ್ನಾನದ ಟ್ಯಾಂಕಿಗೆ, ಇನ್ನೊಂದು ಹಾಗೆಯೇ ಫ್ಲಶ್ ಮತ್ತು ಗಿಡದ ಟ್ಯಾಂಕಿಗೆ. ಫ್ಲಶ್‌ಗೆ, ಅಂಗಳ ತೊಳೆಯಲು, ತೆಂಗಿನ ಮರಕ್ಕೆ ಮೆದು ನೀರು ಯಾಕೆ ಬೇಕು? ಮೇಲೆ ಮೂರು ಟ್ಯಾಂಕ್ ಕೂತಿವೆ. ಪ್ಲಂಬಿಂಗ್ ಎರಡು ದಿನ ಹಿಡಿಯಿತು. ಪ್ರತಿ ವಾಲ್ವಿಗೂ ಪೇಂಟಿನಲ್ಲಿ ಹೆಸರು ಬರೆಸಿದೆ. ಇಲ್ಲದಿದ್ದರೆ ಊರಿಗೆ ಹೋದಾಗ ಮನೆ ನೋಡಿಕೊಳ್ಳುವವರು ಎಲ್ಲಾ ಕಲಸಿಬಿಡುತ್ತಾರೆ.

ಇಷ್ಟು ಮಾಡಲು ಜಾಗ ಇಲ್ಲದವರು, ಬಾಡಿಗೆ ಮನೆಯವರು, ಕನಿಷ್ಠ ಕಾವೇರಿ ಬಂದ ದಿನ ಎರಡು ಡ್ರಮ್ ತುಂಬಿಸಿ ಮುಚ್ಚಿಡಿ. ಅಡುಗೆಗೆ, ತಲೆ ಸ್ನಾನಕ್ಕೆ ಅದು ಸಾಕು. ತೊಗರಿಬೇಳೆ ಬೋರ್ ನೀರಿನಲ್ಲಿ ನಾಲ್ಕು ವಿಷಲ್ ಕೂಗಿಸಿದರೂ ಗಟ್ಟಿಯಾಗಿ ಉಳಿಯುತ್ತದಲ್ವಾ? ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಹಿಡಿದುಕೊಂಡು ಅದು ಕರಗದಂತೆ ಮಾಡುತ್ತದೆ. ಅವರೆಕಾಳು, ಕಡಲೆಕಾಳು ಇನ್ನೂ ಹಟಮಾರಿ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಕಾವೇರಿ ನೀರು ಹಾಕಿ ನೋಡಿ, ಗ್ಯಾಸ್ ಉಳಿಯುತ್ತದೆ.

ಗೀಸರ್ ಮತ್ತು ಸೋಲಾರ್

ಬಿಸಿಯಾಗುವ ಜಾಗದಲ್ಲೇ ಕಲ್ಲು ಕೂರುವುದು. ಕಾಯಿಲ್ ಮೇಲೆ ಪದರ ಕೂತರೆ ಬಿಸಿ ನೀರಿಗೆ ದಾಟುವುದಿಲ್ಲ, ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ. ಗೀಸರ್ ಆನ್ ಮಾಡಿದಾಗ ಒಳಗೆ ಜೋಳ ಹುರಿದ ಹಾಗೆ ಪಟಪಟ ಸದ್ದು ಬಂದರೆ, ಮೊದಲು ಹದಿನೈದು ನಿಮಿಷಕ್ಕೆ ಕಾಯುತ್ತಿದ್ದ ನೀರು ಈಗ ಅರ್ಧ ಗಂಟೆ ತಗೊಂಡರೆ, ಬಿಚ್ಚಿಸುವ ಸಮಯ ಬಂದಿದೆ ಅಂತ ಅರ್ಥ.

ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಥರ್ಮೋಸ್ಟ್ಯಾಟ್ ಅನ್ನು 75ರಿಂದ 55 ಡಿಗ್ರಿಗೆ ಇಳಿಸಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಬೀಳುತ್ತದೆ. ಅಷ್ಟು ಬಿಸಿ ಕಾಯಿಸಿ, ಆಮೇಲೆ ತಣ್ಣೀರು ಬೆರೆಸುವುದು ದಂಡ.

600ರ ಆಸುಪಾಸಿನ ನೀರಿಗೆ ವರ್ಷಕ್ಕೊಮ್ಮೆ ಕಾಯಿಲ್ ತೊಳೆಸಿ. ವಾರಂಟಿ ಇದ್ದರೆ ಕಂಪನಿಯವರಿಂದಲೇ ಮಾಡಿಸಿ. ಬಿಚ್ಚುವ ಮುಂಚೆ ಸ್ವಿಚ್ ಅಷ್ಟೇ ಅಲ್ಲ, ಎಂಸಿಬಿ ಇಳಿಸಬೇಕು, ನೀರು ಪೂರ್ತಿ ಖಾಲಿ ಮಾಡಬೇಕು. ಹೊರತೆಗೆದ ಕಾಯಿಲನ್ನು ಸುತ್ತಿಗೆಯಿಂದ ಹೊಡೆಯಲು ಬಿಡಬೇಡಿ, ಲೋಹದ ಮೈ ಬಿರುಕು ಬಿಟ್ಟರೆ ಶಾಕ್ ಹೊಡೆಯುತ್ತದೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ, ಅದೇ ಸಿಟ್ರಿಕ್ ಆಸಿಡ್. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಸುಣ್ಣ ಕಟ್ಟಿದ ಭಾಗ ಮಾತ್ರ ಮುಳುಗುವ ಹಾಗೆ ಇಡಿ. ವೈರ್ ಕೂರಿಸುವ ತುದಿ ನೆನೆಯಬಾರದು. ಗುಳ್ಳೆ ಏಳುವುದು ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಸುಣ್ಣ ಇನ್ನೂ ಇದ್ದರೆ ಹೊಸ ದ್ರಾವಣ ಮಾಡಿ. ದ್ರಾವಣವನ್ನು ಕುದಿಸಬೇಡಿ, ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಇನ್ನೊಂದು ಬಿಳಿ ಪದರ ಕೂರಬಹುದು. ಆನೋಡ್ ರಾಡ್ ಅಂತ ಒಂದು ಇರುತ್ತದೆ, ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಕಡ್ಡಿ. ಅದು ಪೆನ್ಸಿಲ್‌ನಷ್ಟು ಸಣ್ಣಗಾಗಿದ್ದರೆ ಅದನ್ನೂ ಬದಲಾಯಿಸಿ.

ಸೋಲಾರ್ ಹಾಕಿಸುವವರು ಅಂಗಡಿಯಲ್ಲಿ ನೀರಿನ ಗಡಸುತನ ಹೇಳಿ ಕೇಳಿ. ತಾಮ್ರದ ಸಣ್ಣ ಪೈಪಿನ ಪ್ಯಾನೆಲ್‌ಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ. ಗಾಜಿನ ಕೊಳವೆಯವು ಅಗಲ ಇರುವುದರಿಂದ ಹೆಚ್ಚು ದಿನ ತಡೆಯುತ್ತವೆ. ಆದರೆ ತಳದಲ್ಲಿ ಸುಣ್ಣದ ಹಿಟ್ಟು ತುಂಬುತ್ತದೆ, ಅದನ್ನು ಆಗಾಗ ತೆಗೆಸಬೇಕು.

ಶವರ್, ನಲ್ಲಿ, ಬಟ್ಟೆ, ತಲೆ

2024ರ ಬೇಸಿಗೆಯ ನೀರಿನ ಬರದ ನಂತರ ನಲ್ಲಿ ತುದಿಗೆ ನೀರು ಉಳಿಸುವ ಸಣ್ಣ ಜಾಲರಿ, ಏರೇಟರ್, ಹಾಕಿದ ಮನೆ ಜಾಸ್ತಿ. ಗಡಸು ನೀರಿಗೆ ಮೊದಲು ಕಟ್ಟುವುದು ಅದೇ. ತಿಂಗಳಿಗೊಮ್ಮೆ ಬಿಚ್ಚಿ ಒಂದು ಲೋಟ ನಿಂಬೆ ಉಪ್ಪಿನ ನೀರಿಗೆ ಹಾಕಿ. ಶವರ್‌ಗೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ರಬ್ಬರ್ ಬ್ಯಾಂಡ್ ಕಟ್ಟಿ ಒಂದೆರಡು ಗಂಟೆ ಬಿಡಿ. ಟಾಯ್ಲೆಟ್ ಆಸಿಡ್ ಬೇಡವೇ ಬೇಡ. ನಲ್ಲಿಯ ಹೊಳಪು, ಟೈಲ್ಸ್ ಸಂದಿನ ಸಿಮೆಂಟು ಎರಡೂ ತಿಂದುಹಾಕುತ್ತದೆ. ಇನ್ನೊಂದು, ಇದು ಲ್ಯಾಬಿನವಳ ಮಾತು: ಯಾವ ಆಸಿಡನ್ನೂ, ವಿನೆಗರ್ ಆದರೂ ಸರಿ, ಬ್ಲೀಚ್ ಜೊತೆ ಸೇರಿಸಬೇಡಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಕ್ಲೋರಿನ್ ಗ್ಯಾಸ್ ಪ್ರಾಣಕ್ಕೆ ಕುತ್ತು.

ಕೈಯಲ್ಲಿ ಬಟ್ಟೆ ಒಗೆಯುವವರಿಗೆ ವಾಷಿಂಗ್ ಸೋಡಾ ಅಗ್ಗದ ದಾರಿ. ಅದು ಕ್ಯಾಲ್ಸಿಯಂ ಅನ್ನು ಸುಣ್ಣವಾಗಿಸಿ ತಳಕ್ಕೆ ಇಳಿಸುತ್ತದೆ. ಲೆಕ್ಕ ಸುಲಭ. 500 ಗಡಸುತನದ 20 ಲೀಟರ್ ಬಕೆಟ್‌ಗೆ ಸುಮಾರು 10 ಗ್ರಾಂ ಒಣ ಪುಡಿ, ಎರಡು ಟೀ ಚಮಚ. ಸೋಡಾ ಹಾಕಿ ಹತ್ತು ನಿಮಿಷ ಬಿಟ್ಟು ಆಮೇಲೆ ಸೋಪು. ರೇಷ್ಮೆ, ಉಣ್ಣೆಗೆ ಇದು ಆಗದು.

ತಲೆಗೆ ನಮ್ಮ ಅಜ್ಜಿಯ ಕಾಲದ ಸೀಗೆಕಾಯಿ, ಅಂಟುವಾಳ ಇವತ್ತಿಗೂ ನನಗೆ ಇಷ್ಟ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಅಂಟು ಜಿಡ್ಡಾಗುತ್ತದೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೀಗೆಕಾಯಿಯ ನೊರೆ ಹಾಗೆ ಹೆಪ್ಪುಗಟ್ಟುವುದಿಲ್ಲ, ಸ್ವಲ್ಪ ಹುಳಿಯೂ ಇದೆ. ಕೊನೆಯ ಎರಡು ಚೊಂಬು ಕಾವೇರಿ ನೀರು ಹುಯ್ದುಕೊಂಡರೆ ಕೂದಲು ಒರಟಾಗದು.

ಸಾಫ್ಟನರ್ ಲೆಕ್ಕ

ಈಗ ದೊಡ್ಡ ಖರ್ಚಿನ ವಿಷಯ. ಸಾಫ್ಟನರ್ ಒಳಗೆ ರೆಸಿನ್ ಅಂತ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ಮಣಿಗಳು ಇರುತ್ತವೆ. ಅವುಗಳ ಮೈಗೆ ಸೋಡಿಯಂ ಅಂಟಿರುತ್ತದೆ. ಗಡಸು ನೀರು ಹಾದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣಿಗೆ ಅಂಟಿ, ಸೋಡಿಯಂ ನೀರಿಗೆ ಬರುತ್ತದೆ. ಮಣಿ ತುಂಬಿದಾಗ ದಟ್ಟ ಉಪ್ಪು ನೀರು ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಅದಕ್ಕೇ ಸಾಫ್ಟನರ್ ಹಾಕಿದ ಮೇಲೂ ಟಿಡಿಎಸ್ ಇಳಿಯುವುದಿಲ್ಲ. "ಮೆಷಿನ್ ಕೆಲಸ ಮಾಡ್ತಿಲ್ಲ, ಟಿಡಿಎಸ್ ಹಾಗೇ ಇದೆ" ಅಂತ ಜಗಳ ಮಾಡುವವರನ್ನು ನೋಡಿದ್ದೇನೆ. ಪರೀಕ್ಷಿಸಬೇಕಾದ್ದು ಗಡಸುತನ.

ಎಷ್ಟು ದೊಡ್ಡದು ಬೇಕು ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ, ಅಂದರೆ 50,000 ಮಿಲಿಗ್ರಾಂ ಗಡಸುತನ ಹಿಡಿಯುತ್ತದೆ. ರೆಸಿನ್ ಲೀಟರನ್ನು 50,000ದಿಂದ ಗುಣಿಸಿ, ನಿಮ್ಮ ಗಡಸುತನದಿಂದ ಭಾಗಿಸಿ. ನಮ್ಮದು 25 ಲೀಟರ್ ರೆಸಿನ್, 620 ಗಡಸುತನ. ಸುಮಾರು 2,000 ಲೀಟರ್ ಬಂತು. ಮೂರು ಜನರ ಸ್ನಾನ, ವಾಷಿಂಗ್ ಮೆಷಿನ್ ಸೇರಿ ದಿನಕ್ಕೆ 250 ಲೀಟರ್. ಎಂಟು ದಿನಕ್ಕೊಮ್ಮೆ ಉಪ್ಪು. ಒಂದು ಸಲಕ್ಕೆ 4 ಕೆಜಿಯಂತೆ ತಿಂಗಳಿಗೆ 15-16 ಕೆಜಿ ಕಲ್ಲುಪ್ಪು. ಮಣ್ಣು, ಕಸ ಇಲ್ಲದ ಉಪ್ಪು ನೋಡಿ ತನ್ನಿ.

ಇದೇ ಲೆಕ್ಕವನ್ನು ನಲ್ಲಿಗೆ ಹಾಕುವ ಪುಟ್ಟ ಸಾಫ್ಟನರ್‌ಗೆ ಮಾಡಿ ನೋಡಿ. ಒಂದೂವರೆ ಲೀಟರ್ ರೆಸಿನ್, 500 ಗಡಸುತನ: 150 ಲೀಟರ್. ಎರಡು ದಿನಕ್ಕೆ ಮುಗಿಯಿತು. ದಿನ ಬಿಟ್ಟು ದಿನ ಉಪ್ಪು ಹಾಕುವ ತಾಳ್ಮೆ ಇದ್ದರೆ ತಗೊಳ್ಳಿ. ಕೂದಲು ಉದುರುವುದು ನಿಲ್ಲುತ್ತದೆ ಅಂತ ಮಾರುವ ಶವರ್ ಫಿಲ್ಟರ್‌ನಲ್ಲಿ ಹಿಡಿಸುವುದು ಒಂದು ಹಿಡಿ ಮಣಿ. ಇಂಥ ನೀರಿಗೆ ಅದು ಯಾವ ಮೂಲೆಗೂ ಸಾಲದು. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದೇ ಇಲ್ಲ, ನಾನು ಅದಕ್ಕೆ ದುಡ್ಡು ಹಾಕುವುದಿಲ್ಲ. ಪಟಿಕ ಕೂಡ ಗಡಸುತನಕ್ಕೆ ಆಗುವುದಿಲ್ಲ. ಅದು ಕೆಸರನ್ನು ತಳಕ್ಕೆ ಇಳಿಸುತ್ತದೆ ಅಷ್ಟೇ.

ಕೂರಿಸುವ ಜಾಗದ ವಿಷಯದಲ್ಲಿ ನಮಗೆ ನಾಲ್ಕು ತಿಂಗಳು ಹಾಳಾಯಿತು. ಮಾರಿದವರು ಸಾಫ್ಟನರನ್ನು ಮೇಲಿನ ಟ್ಯಾಂಕಿನಿಂದ ಕೆಳಗೆ ಬರುವ ಪೈಪಿಗೆ ಕೂರಿಸಿ ಹೋದರು. ಉಪ್ಪಿನ ಡಬ್ಬಿಯಲ್ಲಿ ನೀರು ಹಾಗೇ ನಿಂತಿತ್ತು, ಇಳಿಯಲೇ ಇಲ್ಲ. ಎರಡನೇ ವಾರಕ್ಕೆ ಬಕೆಟ್ ಮತ್ತೆ ಬಿಳಿಯಾಯಿತು. ಫೋನ್ ಮಾಡಿದರೆ ಉಪ್ಪು ಸರಿಯಿಲ್ಲ ಅಂದರು. ಕಾರಣ ಪ್ರೆಶರ್. 10 ಮೀಟರ್ ಎತ್ತರದ ನೀರು ಕೊಡುವುದು ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕಿನಿಂದ ಆ ಜಾಗಕ್ಕೆ ನಾಲ್ಕು ಮೀಟರೂ ಇರಲಿಲ್ಲ. ಉಪ್ಪು ನೀರನ್ನು ಎಳೆದುಕೊಳ್ಳಲು ಆ ಒತ್ತಡ ಸಾಲದು. ಅದೇ ಪ್ಲಂಬರ್ ಹುಡುಗ ಅದನ್ನು ತೆಗೆದು ಸಂಪಿನ ಮೋಟಾರಿನ ಮುಂದೆ ಕೂರಿಸಿದ. ಮೋಟಾರು ತಳ್ಳುವ ನೀರು ಮೊದಲು ಮಣ್ಣು ಹಿಡಿಯುವ ಫಿಲ್ಟರ್, ಆಮೇಲೆ ಸಾಫ್ಟನರ್, ಆಮೇಲೆ ಮೇಲಿನ ಟ್ಯಾಂಕು. ಮಾರನೇ ದಿನವೇ ಉಪ್ಪಿನ ಡಬ್ಬಿ ಖಾಲಿಯಾಯಿತು. ನೀವು ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಇದಕ್ಕೆ ಎಷ್ಟು ಪ್ರೆಶರ್ ಬೇಕು, ನಮ್ಮ ಮನೆಯ ಈ ಪೈಪಿನಲ್ಲಿ ಎಷ್ಟಿದೆ?

ನೀರು ನಿಂತ ಮೇಲೆ ಕೆಂಪಗಾಗುತ್ತಿದ್ದರೆ ಕಬ್ಬಿಣ ಇದೆ. ಅದನ್ನು ಮೊದಲು ತೆಗೆಯುವ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಹಾಳು. ಗಡಸುತನವನ್ನು ಸೊನ್ನೆಗೆ ಇಳಿಸುವುದೂ ಬೇಡ. ಎಷ್ಟು ತೊಳೆದರೂ ಮೈ ಜಾರಿದ ಹಾಗೇ ಇರುತ್ತದೆ. ಬೈಪಾಸ್ ವಾಲ್ವ್ ಸ್ವಲ್ಪ ತೆರೆದು 80-100ಕ್ಕೆ ನಿಲ್ಲಿಸಿ.

ಸಾಫ್ಟನರ್ ನೀರು ಕುಡಿಯಲು ಬೇಡ. 100 ಗಡಸುತನ ತೆಗೆದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 620 ಪೂರ್ತಿ ತೆಗೆದರೆ 285. ಬಿಪಿ ಇರುವ ನಮ್ಮ ಯಜಮಾನರಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಗಿಡಗಳಿಗೂ ಬೇಡ, ಸೋಡಿಯಂನಿಂದ ಮಣ್ಣು ಗಟ್ಟಿಯಾಗುತ್ತದೆ. ತೊಳೆದ ಉಪ್ಪು ನೀರು ಮೋರಿಗೆ ಹೋಗಲಿ, ಇಂಗುಗುಂಡಿಗೆ ಬಿಟ್ಟರೆ ನಿಮ್ಮದೇ ಬೋರ್ ಕೆಡುತ್ತದೆ.

ಆರ್‌ಒ

ಕಾವೇರಿ ಮಾತ್ರ ಕುಡಿಯುವ ಮನೆಗೆ ಆರ್‌ಒ ಅಗತ್ಯ ನನಗೆ ಕಾಣುವುದಿಲ್ಲ. ಕುದಿಸಿ ಆರಿಸಿದರೆ ಅಥವಾ ಯುವಿ ಫಿಲ್ಟರ್ ಇದ್ದರೆ ಸಾಕು. ಬೋರ್ ಕುಡಿಯಲೇಬೇಕಾದವರಿಗೆ, ನೈಟ್ರೇಟ್, ಫ್ಲೋರೈಡ್ ಇದ್ದವರಿಗೆ ಆರ್‌ಒ ಬೇಕು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ಪೈಪಿಗೆ ಬಕೆಟ್ ಇಟ್ಟು ನೆಲ ಒರೆಸಲು, ಫ್ಲಶ್‌ಗೆ ಬಳಸಿ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಎಲೆಯ ಅಂಚು ಒಣಗುತ್ತದೆ.

ಮಳೆ ನೀರು

ಇದನ್ನು ಮೊದಲೇ ಮಾಡಬೇಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ 900 ಚದರಡಿ, 84 ಚದರ ಮೀಟರ್. ಚೆಲ್ಲಿದ್ದು, ಆವಿಯಾಗಿದ್ದು ಕಳೆದರೂ ವರ್ಷಕ್ಕೆ 65,000 ಲೀಟರ್. ಬಂಡೆ ಮುಟ್ಟದ ನೀರು, ಗಡಸುತನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ನಮ್ಮ 620 ಇಳಿದು 315ರ ಹತ್ತಿರ ಬರುತ್ತದೆ, ಅಷ್ಟೇ ಉಪ್ಪಿನಲ್ಲಿ ಸಾಫ್ಟನರ್ ಎರಡರಷ್ಟು ದಿನ ನಡೆಯುತ್ತದೆ.

ಒಂದು ಅಳತೆಗಿಂತ ದೊಡ್ಡ ಸೈಟುಗಳಿಗೆ 2009ರಿಂದ ಮಳೆ ಕೊಯ್ಲು ಕಡ್ಡಾಯವಾಗಿದೆ, ಆದರೆ ಬಹಳ ಮನೆಗಳಲ್ಲಿ ಪೈಪು ಸುಮ್ನೆ ಮೋರಿಗೆ ನೋಡುತ್ತಿರುತ್ತದೆ. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಫಿಲ್ಟರ್‌ಗಳನ್ನು ಕಣ್ಣಾರೆ ನೋಡಿ ಬರಬಹುದು. ಪೈಪು ಹಾಕಿಸುವ ಮುಂಚೆ ಒಂದು ಸಲ ಹೋಗಿ ಬನ್ನಿ.

ನಾವು ಮೇ ಮೊದಲ ವಾರ ತಾರಸಿ ಗುಡಿಸಿ ತೊಳೆಯುತ್ತೇವೆ. ಎಲೆ, ಪಾರಿವಾಳದ ಹಿಕ್ಕೆ ಏನೂ ಇರಬಾರದು. ಪೈಪಿನ ತಳದಲ್ಲಿ ಒಂದು ಮುಚ್ಚಳ ಇದೆ. ಮಳೆ ಶುರುವಾದ ಮೊದಲ ಹತ್ತು ನಿಮಿಷ ಅದನ್ನು ತೆರೆದು ಕೊಳೆ ನೀರು ಹೊರಗೆ ಬಿಡುತ್ತೇವೆ. ನೀರು ತಿಳಿಯಾದ ಮೇಲೆ ಮುಚ್ಚಿದರೆ ಫಿಲ್ಟರ್ ದಾಟಿ ಸಂಪಿಗೆ ಬರುತ್ತದೆ. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ ಹೋಗುತ್ತದೆ. ಒಂದು ಸ್ಟೀಲ್ ಕೊಡ ಮಾತ್ರ ಬೇರೆ ಇಡುತ್ತೇನೆ. ಆ ನೀರಿನಲ್ಲಿ ಗೀಸರ್ ಕಾಯಿಲ್ ತೊಳೆಯುವ ದ್ರಾವಣ ಕಲಸುತ್ತೇನೆ, ಸೋಪಿನ ಪರೀಕ್ಷೆಗೆ ಮೊದಲ ಬಾಟಲಿಯೂ ಅದರಿಂದಲೇ. ಐದು ಹನಿ ಬೇಕಾಗಲಿಲ್ಲ, ಎರಡೇ ಹನಿಗೆ ಬಾಟಲಿ ತುಂಬಾ ನೊರೆ ನಿಂತಿತು.